ಡ್ರಿಲ್ ಸಾರ್ ಮತ್ತು ಭಾನುವಾರದ ನಷ್ಟ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೊದಲು ಬೈಯುವವರು ಅವರೇ. ಸ್ವಂತ ಹೆಸರು, ಹುಟ್ಟಿದ ಊರು, ಸಾಕಿದ ನಾಯಿಯ ಹೆಸರು ಇವನ್ನೆಲ್ಲ ಕಂಡಕಂಡಲ್ಲಿ ಹೇಳಿಕೊಂಡು ತಿರುಗಬಾರದು, ಅರ್ಧ ಊರಿನ ಜನ ಅದನ್ನೇ ಪಾಸ್‌ವರ್ಡ್ ಮಾಡಿಕೊಂಡಿರುತ್ತಾರೆ ಎನ್ನುವುದು ಅವರು ನನಗೆ ಕಲಿಸಿದ ಮೊದಲ ಪಾಠ. ಅವರ ಮನೆಯಲ್ಲಿ ನಾಯಿ ಇರಲಿಲ್ಲ. ಇದ್ದಿದ್ದರೆ ಅದನ್ನು ಬೀದಿಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಶಿವಮೊಗ್ಗ, ಭದ್ರಾವತಿಯ ಸಣ್ಣ ವ್ಯಾಪಾರಸ್ಥರ ಬಾಯಲ್ಲಿ ಅವರು ಡ್ರಿಲ್ ಸಾರ್. ನಾನು ಅವರ ಆಫೀಸಿಗೆ ಸೇರಿ ವರ್ಷಗಳೇ ಆದವು. ಈಗ ಅವರು ಕೆಲಸ ಬಿಟ್ಟು ನಿವೃತ್ತರಾಗಿದ್ದಾರೆ. ನಿವೃತ್ತರಾಗಿದ್ದಾರೆ ಎಂದು ನಾನು ಹೇಳುತ್ತಿದ್ದೇನೆ, ನಮ್ಮ ಗ್ರಾಹಕರು ಇನ್ನೂ ಒಪ್ಪಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಆಫೀಸು ಶಿವಮೊಗ್ಗದ ಹೊಸಮನೆಯಲ್ಲಿ, ಹೊಲಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಅಂಗಡಿ, ವರ್ಕ್‌ಶಾಪ್, ಲ್ಯಾಬ್, ಛತ್ರ ಇಂಥವರ ಬಿಲ್ಲು, ಬುಕಿಂಗು, ಸ್ಟಾಕು ಎಲ್ಲವನ್ನೂ ಅವರವರ ಮೇಜಿನ ಕೆಳಗಿನ ಕಂಪ್ಯೂಟರಿನಿಂದ ಬಿಡಿಸಿ, ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಸರ್ವರ್‌ಗಳಲ್ಲಿ ಇಡುವುದು ನಮ್ಮ ಕೆಲಸ. ದಿನವೂ ರಾತ್ರಿ ಅದರ ಒಂದು ಕಾಪಿ ತಾನಾಗಿ ಮುಂಬೈಯ ಇನ್ನೊಂದು ಡೇಟಾ ಸೆಂಟರಿಗೆ ಹೋಗುತ್ತದೆ. ಬೆಳಿಗ್ಗೆ ಅದು ಹೋಗಿದೆಯೇ ಎಂದು ನೋಡುವುದು, ಆಮೇಲೆ ಇಡೀ ದಿನ ಫೋನ್ ಎತ್ತುವುದು, ಇಷ್ಟೇ. ಬೋರ್ಡಿನ ಮೇಲೆ ಕ್ಲೌಡ್ ಹೋಸ್ಟಿಂಗ್ ಎಂದು ದೊಡ್ಡದಾಗಿ ಬರೆಸಿದ್ದರೂ ಆ ಮಾತನ್ನು ಅವರು ಆಡಿದ್ದು ನಾನು ಕೇಳಿಲ್ಲ. "ಬೇರೆ ಊರಿನ ಕಂಪ್ಯೂಟರ್" ಎನ್ನುತ್ತಿದ್ದರು, ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ಆ ಬೇರೆ ಊರು ದೂರವಾದಷ್ಟೂ ಅವರ ದನಿ ಏರುತ್ತಿತ್ತು. ಬೆಂಗಳೂರಿನ ಸರ್ವರ್ ಬಗ್ಗೆ ಮಾತಾಡುವಾಗ ಸಾಮಾನ್ಯ ದನಿ. ಮುಂಬೈಯ ಕಾಪಿಯ ವಿಷಯ ಬಂತೆಂದರೆ ಎದುರಿಗೆ ಕೂತವರ ಹತ್ತಿರವೂ ಕೂಗಿಯೇ ಹೇಳುವರು. ಕೆಳಗಿನ ಟೈಲರ್ ಒಮ್ಮೆ ಮೇಲೆ ಬಂದು, "ಸಾರ್, ಮುಂಬೈಗೆ ಕೇಳಿಸ್ತಂತೆ, ಈಗ ಸ್ವಲ್ಪ ನಿಧಾನಕ್ಕೆ" ಎಂದು ಕೈ ಮುಗಿದು ಹೋದ. ಅವರು ಸಿಟ್ಟಾಗಲಿಲ್ಲ. "ದೂರ ಇದೆ ಅನ್ನೋದು ಗಂಟಲಿಗೆ ಗೊತ್ತಿರ್ಬೇಕು. ಇಲ್ಲಾಂದ್ರೆ ಪಕ್ಕದ ರೂಮಲ್ಲೇ ಇದೆ ಅಂತ ಉಡಾಫೆ ಬರುತ್ತೆ" ಎಂದು ನನಗೆ ವಿವರಣೆ ಕೊಟ್ಟರು, ಕೂಗುವ ದನಿಯಲ್ಲೇ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಬಗೆಯೂ ಅವರದೇ. ನಾನಾಗ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ, ಮಗಳು ಸ್ಕೂಲಿಗೆ ಸೇರಿದ್ದಳು, ಸ್ವಲ್ಪ ತಲೆ ಓಡಿಸುವ ಕೆಲಸ ಬೇಕೆನಿಸಿತ್ತು. ಸರ್ಟಿಫಿಕೇಟುಗಳ ಫೈಲನ್ನು ಅವರು ಮುಟ್ಟಲೂ ಇಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ, "ಈ ಫೈಲ್ ಅಳಿಸಿ" ಎಂದರು. ಅಳಿಸಿದೆ. "ಈಗ ವಾಪಸ್ ತನ್ನಿ." ಕಸದ ಬುಟ್ಟಿಯಿಂದ ವಾಪಸ್ ತಂದೆ. "ಈಗ ಪೂರ್ತಿ ಅಳಿಸಿ, ಬುಟ್ಟಿಯಿಂದಾನೂ." ನನಗೆ ರೇಗಿತು.

"ಇದರ ಕಾಪಿ ಇನ್ನೊಂದು ಕಡೆ ಇದ್ಯಾ ಮೊದ್ಲು ಹೇಳಿ, ಆಮೇಲೆ ಅಳಿಸ್ತೀನಿ" ಎಂದೆ.

"ನಾಳೆಯಿಂದ ಬಾ ಮಾರಾಯ್ತಿ" ಎಂದರು. ನೀವು ಎಂಬುದು ಅಲ್ಲಿಗೆ ಮುಗಿಯಿತು, ನನಗೂ ಅದರಿಂದ ಸಮಾಧಾನವೇ ಆಯಿತು.

ಡ್ರಿಲ್ ಸಾರ್ ಭದ್ರಾವತಿಯ ನ್ಯೂ ಟೌನಿನಲ್ಲಿ ಬೆಳೆದವರು. ಅಪ್ಪನ ಹಾಗೆ ಅವರೂ ಉಕ್ಕಿನ ಕಾರ್ಖಾನೆ ಸೇರಿದ್ದರು, ಸೇಫ್ಟಿ ಸೆಕ್ಷನ್ನಿಗೆ. ಆಗಾಗ ಸೈರನ್ ಊದಿಸಿ, ಬೆಂಕಿ ಬಿದ್ದಿದೆ ಎಂದು ಸುಳ್ಳೇ ಹಬ್ಬಿಸಿ, ಎಲ್ಲರನ್ನೂ ಮೈದಾನಕ್ಕೆ ಓಡಿಸುವುದು ಅವರ ಕೆಲಸಗಳಲ್ಲಿ ಒಂದು. ಓಡಿಸುವುದು ಎನ್ನುವುದು ಕಾಗದದ ಮಾತು. ಕಾರ್ಮಿಕರು ಟೀ ಲೋಟ ಹಿಡಿದುಕೊಂಡು, ಮದುವೆ ಮನೆಯಲ್ಲಿ ಊಟ ಮುಗಿಸಿ ಎದ್ದವರ ಹಾಗೆ ತಣ್ಣಗೆ ನಡೆದು ಬರುತ್ತಿದ್ದರಂತೆ. ಇವರು ಗಂಟಲು ಹರಿದುಕೊಂಡು, "ನಿಜವಾದ ಬೆಂಕಿ ಅಂದ್ಕೊಳ್ರಪ್ಪಾ" ಎಂದು ಬೇಡುತ್ತಿದ್ದರಂತೆ. ಒಬ್ಬರೂ ಅಂದುಕೊಳ್ಳುತ್ತಿರಲಿಲ್ಲ. ಕಾರ್ಖಾನೆ ಬಿಟ್ಟು ಬರುವಾಗ ಅವರು ತಂದದ್ದು ಎರಡೇ: ಸೇಫ್ಟಿ ಸೆಕ್ಷನ್ನಿನ ಒಂದು ಹಿತ್ತಾಳೆ ಸೀಟಿ, ಮತ್ತು ಬರಿಯ ಹೆದರಿಕೆಯಿಂದ ಜನ ಅಭ್ಯಾಸ ಮಾಡುವುದಿಲ್ಲ, ಏನಾದರೂ ತಿನ್ನಲು ಕೊಡಬೇಕು ಎಂಬ ತಿಳುವಳಿಕೆ.

ಆ ತಿಳುವಳಿಕೆಯಿಂದ ಹುಟ್ಟಿದ್ದು ನಮ್ಮ ಡ್ರಿಲ್. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಶಿವಮೊಗ್ಗದ ಕೋಟೆ ಏರಿಯಾದಲ್ಲಿರುವ ಪಾರ್ವತಮ್ಮನವರ ಕಲ್ಯಾಣ ಛತ್ರದ ಊಟದ ಹಾಲಿನಲ್ಲಿ, ನಮ್ಮ ಗ್ರಾಹಕರೆಲ್ಲ ಸೇರಬೇಕು. ಮ್ಯಾನೇಜರು, ಅಕೌಂಟೆಂಟು, ಕಂಪ್ಯೂಟರ್ ಗೊತ್ತಿರುವ ಅಳಿಯ ಯಾರೂ ನಡೆಯುವುದಿಲ್ಲ, ಯಜಮಾನರೇ ಬರಬೇಕು, ಲ್ಯಾಪ್‌ಟಾಪ್ ತರಬೇಕು. ಎಲ್ಲರೂ ಕೂತ ಮೇಲೆ ಡ್ರಿಲ್ ಸಾರ್ ಎದ್ದು ನಿಂತು ಸೀಟಿ ಊದುತ್ತಾರೆ. "ಎಲ್ಲಾ ಹೋಯ್ತು" ಎನ್ನುತ್ತಾರೆ. ಆ ಕ್ಷಣಕ್ಕೆ ನಾನು ಮೂಲೆಯ ಮೇಜಿನಿಂದ ಬೆಂಗಳೂರಿನ ಸರ್ವರ್‌ಗಳನ್ನು ನಿಲ್ಲಿಸುತ್ತೇನೆ. ಎಲ್ಲರ ಬಿಲ್ಲುಗಳೂ ಪರದೆಯಿಂದ ಮಾಯ. ಈಗ ಪ್ರತಿಯೊಬ್ಬರೂ ಸ್ವಂತ ಕೈಯಿಂದ ಮುಂಬೈಗೆ ಲಾಗಿನ್ ಆಗಿ, ಹಿಂದಿನ ರಾತ್ರಿಯ ಕಾಪಿ ಹುಡುಕಿ, ಅಲ್ಲೊಂದು ಹೊಸ ಸರ್ವರ್ ಎಬ್ಬಿಸಿ, ಅದರೊಳಗೆ ಕಾಪಿಯನ್ನು ಇಳಿಸಿ, ತಮ್ಮ ಕೊನೆಯ ಬಿಲ್ಲನ್ನು ಕಣ್ಣಾರೆ ಕಂಡು "ಸಿಕ್ತು" ಎನ್ನಬೇಕು. ಮೊದಲು ಸಿಕ್ಕವರಿಗೆ ಮೊದಲ ತಟ್ಟೆ ಕೇಸರಿಬಾತ್ ಮತ್ತು ಉಪ್ಪಿಟ್ಟು. ಎಲ್ಲರೂ ತಿಂದ ಮೇಲೆ ನಾನು ಬೆಂಗಳೂರಿನದನ್ನು ಮತ್ತೆ ಶುರು ಮಾಡುತ್ತೇನೆ, ಎಲ್ಲ ಮೊದಲಿನಂತೆಯೇ.

ಮೊದಲ ಡ್ರಿಲ್ಲಿಗೆ ಜನ ಬಂದದ್ದು ಅವರ ಮುಖ ನೋಡಿ. ಆಮೇಲೆ ಅದು ಹೇಗೋ ಒಂದು ಪಂದ್ಯವಾಯಿತು. ಭದ್ರಾವತಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಸೆಲ್ವಂ, ಕಬ್ಬಿಣ ಕಡೆಯುವ ಕೈ ಕೀಬೋರ್ಡಿನ ಮೇಲೆ ಕೂರುವುದಿಲ್ಲ ಎಂದು ಗೊಣಗುತ್ತಿದ್ದವರು, ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿಕೊಂಡು ಬರತೊಡಗಿದರು. ಲ್ಯಾಬ್ ಇಟ್ಟಿರುವ ಡಾಕ್ಟರು ಸೋತ ದಿನ ಕೇಸರಿಬಾತಿನಲ್ಲಿ ದ್ರಾಕ್ಷಿ ಕಮ್ಮಿ ಎಂದು ತಕರಾರು ತೆಗೆಯುವರು. ನಷ್ಟದ ಹೆಸರಿನಲ್ಲಿ ಅಷ್ಟು ಖುಷಿಯಾಗಿ ಸೇರುವ ಇನ್ನೊಂದು ಗುಂಪನ್ನು ನಾನು ಕಂಡಿಲ್ಲ. ತಿಂಗಳಿಡೀ ಫೋನಿನಲ್ಲಿ ಬರಿಯ ದೂರು ಕೇಳುತ್ತಿದ್ದ ನನಗೆ ಆ ಭಾನುವಾರಗಳೆಂದರೆ ಹಬ್ಬ.

ಆ ಪಂದ್ಯದ ರಾಣಿ ಪಾರ್ವತಮ್ಮ. ಗಂಡ ಹೋದ ಮೇಲೆ ಛತ್ರವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟದಲ್ಲಿ ಕೀಲಿ ಗೊಂಚಲು, ಯಾರನ್ನೂ ಒಂದು ಮಾತು ಆಡಿಸದೆ ಬಿಡುವವರಲ್ಲ. ಅವರಿಗಿದ್ದ ತೊಂದರೆ ಮರೆವು. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುತ್ತಿರಲಿಲ್ಲ, ಅದಕ್ಕೇ ಕಂಪ್ಯೂಟರ್ ಇಟ್ಟಿದ್ದರು. ಡ್ರಿಲ್ ಸಾರ್ ಮೊದಲ ಸಲ ಅವರಲ್ಲಿಗೆ ಹೋದಾಗ ಜೊತೆಯಲ್ಲಿ ನಾನೂ ಇದ್ದೆ. ಕಂಪ್ಯೂಟರ್ ಮೇಜಿನ ಕೆಳಗೆ, ಅದರ ಮೇಲೊಂದು ಪಾಯಸದ ಕಲೆ. ಯುಪಿಎಸ್ ಮೇಲೆ ಕುಂಕುಮದ ಭರಣಿ.

"ಈ ಛತ್ರದಲ್ಲಿ ಎಲ್ಲಕ್ಕಿಂತ ಬೆಲೆ ಬಾಳೋದು ಯಾವ್ದಮ್ಮ?" ಎಂದು ಕೇಳಿದರು.

ಪಾರ್ವತಮ್ಮ ಅತ್ತೆಯ ಕಾಲದ ತಾಮ್ರದ ಹಂಡೆಗಳನ್ನು ತೋರಿಸಿದರು.

"ಅಲ್ಲ. ಯಾವ ಮುಹೂರ್ತ ಯಾರಿಗೆ ಕೊಟ್ಟಿದೀರಿ ಅನ್ನೋದು. ಒಂದೇ ದಿನಕ್ಕೆ ಎರಡು ದಿಬ್ಬಣ ಬಂದು ಬಾಗ್ಲಲ್ಲಿ ನಿಂತ್ರೆ ನಿಮ್ಮ ಹಂಡೆ ಏನ್ ಮಾಡುತ್ತೆ?"

ಪಾರ್ವತಮ್ಮ ಬಹಳ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಸಣ್ಣದಾಯಿತು. ಅವರ ಛತ್ರದ ಹೆಸರು ನಿಂತಿದ್ದೇ ಒಮ್ಮೆಯೂ ಹಾಗಾಗಿಲ್ಲ ಎಂಬುದರ ಮೇಲೆ. ಆ ವಾರವೇ ಅವರ ಬುಕಿಂಗ್ ಎಲ್ಲ ಬೆಂಗಳೂರಿಗೆ ಹೋಯಿತು, ಡ್ರಿಲ್ಲಿಗೆ ಊಟದ ಹಾಲೂ ಅಡುಗೆಯವರೂ ನಮಗೆ ಸಿಕ್ಕರು.

ಡ್ರಿಲ್ ಸಾರ್ ಸಂತರೇನಲ್ಲ, ಅದನ್ನೂ ಹೇಳಬೇಕು. ಮೀಸೆಗೆ ಬಣ್ಣ ಹಚ್ಚುತ್ತಿದ್ದರು, ಹಚ್ಚುವುದಿಲ್ಲ ಎಂದು ವಾದಿಸುತ್ತಿದ್ದರು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ನಾನು ನೋಡುತ್ತಿದ್ದರೆ ನಿಲ್ಲಿಸಿಬಿಡುತ್ತಿದ್ದರು. ಸಿಹಿ ಕಂಡರೆ ಜಾತ್ರೆಗೆ ಬಂದ ಮಗುವಿನ ಕಣ್ಣು. ಕೇಸರಿಬಾತ್ ತಟ್ಟೆಗೆ ಬರುವ ಮೊದಲು ಅಡುಗೆ ಮನೆಯಲ್ಲಿ ರುಚಿ ನೋಡುವ ನೆಪದಲ್ಲಿ ಅರ್ಧ ತಟ್ಟೆ ಒಳಗೆ ಹೋಗಿರುತ್ತಿತ್ತು. ಚಮಚ ಎತ್ತಿದರೆ ಖಾಲಿಯಾಗದೆ ಕೆಳಗಿಡುವ ಅಭ್ಯಾಸವೇ ಅವರಿಗಿರಲಿಲ್ಲ, ಮನೆಗೆ ಬೆಂಕಿ ಬಿದ್ದರೂ ಇವರು ಚಮಚ ನೆಕ್ಕಿಯೇ ಓಡುತ್ತಾರೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ನನ್ನ ಮೇಲೆ ರೇಗಿದರೆ ಇಡೀ ಹೊಸಮನೆಗೆ ಕೇಳುವಂತೆ ರೇಗುತ್ತಿದ್ದರು, ಅರ್ಧ ಗಂಟೆಯಲ್ಲಿ ತಾವೇ ಹೋಗಿ ಮಸಾಲೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದರು. ದೋಸೆ ಬಂತೆಂದರೆ ಜಗಳ ಮುಗಿಯಿತು ಎಂದರ್ಥ, ಅದರ ಬಗ್ಗೆ ಮತ್ತೆ ಮಾತಿಲ್ಲ.

ಈಗ ಆ ಭಾನುವಾರದ ವಿಷಯ.

ಹಾಲಿನಲ್ಲಿ ಎಲ್ಲರೂ ಬಂದು ಕೂತಿದ್ದರು. ಸೀಟಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಮೂಲೆಯಲ್ಲಿ ಸರ್ವರ್‌ಗಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದೆ. ನೋಡುತ್ತಿದ್ದ ಹಾಗೆಯೇ ಒಂದಾದ ಮೇಲೊಂದು ಸಂಪರ್ಕ ಕಡಿದು ಹೋಯಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿದೆ. ನಮ್ಮ ಸರ್ವರ್‌ಗಳ ಲೆಕ್ಕವೆಲ್ಲ ಕೂತಿದ್ದ ಸ್ಟೋರೇಜ್ ಯಂತ್ರವೇ ಕೆಟ್ಟಿದೆ, ಅದರಲ್ಲಿದ್ದದ್ದು ವಾಪಸ್ ಸಿಗುತ್ತದೆ ಎಂದು ನಂಬಿಕೊಂಡು ಕೂರಬೇಡಿ ಎಂದು ಅಲ್ಲಿಯ ಇಂಜಿನಿಯರ್ ಮೆಲ್ಲಗೆ ಹೇಳಿದ. ಹಾಲಿನಲ್ಲಿ ನಗುತ್ತಾ ಕೂತಿದ್ದ ಅಷ್ಟೂ ಜನರ ವ್ಯಾಪಾರ ಆ ಯಂತ್ರದೊಳಗಿತ್ತು. ಒಬ್ಬರದು ಒಂದು ಬಿಲ್ಲು ಕಳೆದರೂ ನಮ್ಮ ಆಫೀಸಿನ ಬಾಗಿಲು ಮುಚ್ಚಿದ ಹಾಗೆಯೇ.

ಅಡುಗೆ ಮನೆಯ ಬಾಗಿಲಲ್ಲಿ ಅವರು ಚಮಚದಲ್ಲಿ ಕೇಸರಿಬಾತ್ ಹಿಡಿದು ನಿಂತಿದ್ದರು.

"ಸಾರ್, ಬೆಂಗಳೂರು ಹೋಯ್ತು."

"ನಾನಿನ್ನೂ ಊದೇ ಇಲ್ವಲ್ಲ."

"ನಾನು ನಿಲ್ಸಿಲ್ಲ ಸಾರ್. ಅದಾಗೇ ಹೋಯ್ತು. ವಾಪಸ್ ಬರಲ್ಲ ಅಂತಿದಾರೆ."

ಅವರು ಚಮಚ ಕೆಳಗಿಟ್ಟರು. ಅದರಲ್ಲಿ ಕೇಸರಿಬಾತ್ ಇನ್ನೂ ಇತ್ತು. ಅದನ್ನು ಕಂಡು ನನಗೆ ಬೆಂಗಳೂರಿನ ಫೋನಿಗಿಂತ ಹೆಚ್ಚು ಭಯವಾಯಿತು.

"ರಾತ್ರಿ ಕಾಪಿ?"

"ಮುಂಬೈಲಿದೆ. ಬೆಳಿಗ್ಗೆ ನೋಡಿದೀನಿ."

"ಸರಿ. ಹೋಗಿ ಮುಖ ತೊಳ್ಕೊಂಡು ಬಾ. ಈಗ್ಲೇ ಹೇಳಿದ್ರೆ ಎಲ್ರ ಕೈ ನಡುಗುತ್ತೆ, ನಡುಗೋ ಕೈಗೆ ಪಾಸ್‌ವರ್ಡ್ ಬರಲ್ಲ. ಮುಗೀಲಿ. ಆಮೇಲೆ ನಾನೇ ನಿಂತ್ಕೊಂಡು ಹೇಳ್ತೀನಿ."

ಹಾಲಿನ ನಡುವೆ ಹೋಗಿ ಸೀಟಿ ಊದಿದರು. "ಎಲ್ಲಾ ಹೋಯ್ತು" ಎಂದರು. ದನಿ ಎಂದಿನದೇ.

"ಇನ್ನೂ ಟೈಮಾಗಿಲ್ಲ ಮಾರಾಯ್ರೆ, ಮೋಸ" ಎಂದರು ಪಾರ್ವತಮ್ಮ, ಬೆರಳುಗಳನ್ನು ಆಗಲೇ ಕೀಬೋರ್ಡಿನ ಮೇಲೆ ಇಟ್ಟುಕೊಂಡು.

"ನಷ್ಟ ಟೈಮ್ ಕೇಳ್ಕೊಂಡು ಬರುತ್ತಾ? ನಡೀರಿ, ನಡೀರಿ."

ನಾನು ಮುಖ ತೊಳೆದು ಬಂದು ಮೂಲೆಯಲ್ಲಿ ಕೂತೆ. ಮಾಡಲು ನನಗೆ ಕೆಲಸವೇ ಇರಲಿಲ್ಲ. ನನ್ನ ಕಣ್ಣೆದುರಿಗೆ ಒಬ್ಬ ಲೇತ್ ಕೆಲಸದವರು, ಒಬ್ಬ ಡಾಕ್ಟರು, ಬೆಳ್ಳಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ಪರಸ್ಪರ ಕಾಲೆಳೆಯುತ್ತಾ, ತಮ್ಮ ತಮ್ಮ ವ್ಯಾಪಾರವನ್ನು ನಿಜವಾಗಿ ಸತ್ತಲ್ಲಿಂದ ಎಬ್ಬಿಸುತ್ತಿದ್ದರು. ಸೆಲ್ವಂ ಹಾಡು ಗುನುಗುತ್ತಿದ್ದರು. ಡಾಕ್ಟರು ಪಕ್ಕದವರ ಪರದೆ ಕದ್ದು ನೋಡುತ್ತಿದ್ದರು. ಡ್ರಿಲ್ ಸಾರ್ ಕೈ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುತ್ತಿದ್ದರು. ಹಿಂದೆ ಕಟ್ಟಿದ ಆ ಕೈಗಳು ಒಂದನ್ನೊಂದು ಎಷ್ಟು ಗಟ್ಟಿಯಾಗಿ ಹಿಡಿದಿವೆ ಎಂಬುದು ಮೂಲೆಯಲ್ಲಿ ಕೂತ ನನಗೆ ಮಾತ್ರ ಕಾಣುತ್ತಿತ್ತು.

"ಸಿಕ್ತು" ಎಂದರು ಪಾರ್ವತಮ್ಮ. ಆಮೇಲೆ ಸೆಲ್ವಂ. ಆಮೇಲೆ ಬೆಳ್ಳಿ ಅಂಗಡಿ. ಪ್ರತಿ ಸಿಕ್ತುವಿಗೂ ನನ್ನ ಉಸಿರು ಒಂದಿಷ್ಟು ಸಲೀಸಾಯಿತು. ಭಾನುವಾರ ಬೆಳಿಗ್ಗೆ ನಮ್ಮವರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ರಾತ್ರಿಯ ಕಾಪಿಯಲ್ಲೇ ಎಲ್ಲರ ಕೊನೆಯ ಬಿಲ್ಲೂ ಇತ್ತು. ಕೊನೆಯವರಾಗಿ ಡಾಕ್ಟರೂ ಕೈ ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಅರೆ, ಬೆಳಿಗ್ಗೆದಿಲ್ಲ" ಎಂದು ಪಾರ್ವತಮ್ಮನ ದನಿ ಕೇಳಿತು. "ಬೆಳಿಗ್ಗೆ ಒಂದ್ ಮದುವೆ ಬರ್ಕೊಂಡಿದ್ದೆ."

ಡ್ರಿಲ್ ಸಾರ್ ನಡೆಯುತ್ತಿದ್ದವರು ನಿಂತರು. "ಇವತ್ತು ಬೆಳಿಗ್ಗೆದಾ?"

"ಹೂಂ, ನೀವೆಲ್ಲ ಬರೋಕ್ ಮುಂಚೆ. ಬಾಗ್ಲಿಗೇ ಬಂದಿದ್ರು ಪಾಪ, ಕಂಪ್ಯೂಟ್ರಲ್ಲಿ ಹಾಕಿ ಕಳಿಸ್ದೆ."

"ರಾತ್ರಿ ಕಾಪೀಲಿ ಬೆಳಿಗ್ಗೆದು ಹೆಂಗಿರುತ್ತೆ ಪಾರ್ವತಮ್ಮ? ಈಗ ಹಾಕ್ಬಿಡಿ."

"ನಾನ್ಯಾಕ್ ಹಾಕ್ಲಿ? ತಿಂಡಿ ಆದ್ಮೇಲೆ ನೀವು ಬೆಂಗಳೂರು ಶುರು ಮಾಡ್ತೀರಲ್ಲ, ಅದ್ರಲ್ಲಿ ಇದ್ದೇ ಇರುತ್ತೆ. ಒಂದೇ ಮದುವೇನ ಎರಡು ಸಲ ಯಾರು ಬರೀತಾರೆ. ಬೆರಳು ನೋಯುತ್ತೆ ನಂಗೆ."

ಎದ್ದು ತಟ್ಟೆ ತರಲು ಹೊರಟರು. ಡ್ರಿಲ್ ಸಾರ್ ನನ್ನ ಕಡೆ ನೋಡಿದರು. ಆ ಮದುವೆ ಈಗ ಪ್ರಪಂಚದ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಪಾರ್ವತಮ್ಮನ ತಲೆಯಲ್ಲಿ ಮಾತ್ರ ಇತ್ತು, ಅದೂ ಸಂಜೆಯವರೆಗೆ. ನಾಳೆ ಇನ್ನೊಬ್ಬರು ಬಂದು ಅದೇ ದಿನ ಕೇಳಿದರೆ ಕೊಟ್ಟುಬಿಡುವರು. ಆಮೇಲೆ ಎರಡು ದಿಬ್ಬಣ, ಒಂದು ಬಾಗಿಲು.

ಈಗ ನಿಜ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಅವರು ಹಾಗೆ ಮಾಡಲಿಲ್ಲ, ಗಾಬರಿಯಾದರೆ ಪಾರ್ವತಮ್ಮನಿಗೆ ಇರುವ ನೆನಪೂ ಹಾರಿಹೋಗುತ್ತಿತ್ತು. ಪಾರ್ವತಮ್ಮನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು, ಕಾಲು ಚಾಚಿ ಕೂತು, ಸೀಟಿಯನ್ನು ಜೇಬಿಗೆ ಹಾಕಿಕೊಂಡರು.

"ಅದಿರ್ಲಿ ಪಾರ್ವತಮ್ಮ, ಯಾರ ಮನೆ ಮದುವೆ?"

ಪಾರ್ವತಮ್ಮ ತಟ್ಟೆ ಮರೆತು ಕೂತೇಬಿಟ್ಟರು. ಡ್ರಿಲ್ ಸಾರ್ ಬೆನ್ನ ಹಿಂದಿನಿಂದ ಕಿರುಬೆರಳಲ್ಲಿ ನನಗೆ ಸನ್ನೆ ಮಾಡಿದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಕಂಬದ ಮರೆಗೆ ಹೋದೆ, ಛತ್ರದ ಬುಕಿಂಗ್ ಪುಟ ತೆರೆದೆ.

"ನಿಮ್ಮ ಭದ್ರಾವತಿಯವ್ರೇ ಕಣ್ರಿ. ನ್ಯೂ ಟೌನು. ಹುಡುಗಿ ಅಪ್ಪ ಫ್ಯಾಕ್ಟ್ರೀಲಿದ್ರಂತೆ."

"ಉದ್ದಕ್ಕಿದಾರಾ? ಮಾತಿಗೆ ಮುಂಚೆ ಕೆಮ್ತಾರಾ?"

"ಅವ್ರೇ, ಅವ್ರೇ. ಹೆಸ್ರು..." ಪಾರ್ವತಮ್ಮ ಯೋಚಿಸಿದರು. ಡ್ರಿಲ್ ಸಾರೇ ಹೆಸರು ಹೇಳಿದರು. ನಾನು ಬರೆದುಕೊಂಡೆ.

"ಅವ್ನ ಮಗಳಿಗೆ ಮದುವೆನಾ? ಮೊನ್ನೆ ಮೊನ್ನೆ ಸೈಕಲ್ ಕಲೀತಿದ್ಲು. ಹುಡುಗ ಎಲ್ಲಿಯವ್ನು?"

"ದಾವಣಗೆರೆ. ಬ್ಯಾಂಕಲ್ಲಿದಾನೆ. ಹುಡುಗನ್ ಕಡೆಯವ್ರು ಸ್ವಲ್ಪ ಜೋರು. ಮೇಲಿನ್ ರೂಮೆಲ್ಲ ನಮಗೇ ಬೇಕು ಅಂದ್ರಂತೆ. ಹೆಣ್ಣಿನ ಕಡೆಯವ್ರು ಎಲ್ಲಿ ಮಲ್ಗಬೇಕು ಹೇಳಿ."

"ಅನ್ಯಾಯ. ಮುಹೂರ್ತ ಯಾವಾಗ ಸಿಕ್ತು?"

ಪಾರ್ವತಮ್ಮ ದಿನ ಹೇಳಿದರು. ಹಿಂದಿನ ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಧಾರೆ. ಊಟಕ್ಕೆ ಎಷ್ಟು ಜನ, ಹೋಳಿಗೆಯೋ ಚಿರೋಟಿಯೋ, ವಾಲಗದವರಿಗೆ ಬೇರೆ ರೂಮು ಕೇಳಿದರೋ ಇಲ್ಲವೋ, ಒಂದೊಂದಾಗಿ ಎಲ್ಲ ಬಂತು. ಇವರು "ಛೆ" ಎಂದರು, "ಹೌದಾ" ಎಂದರು, ಒಮ್ಮೆ ಹಣೆ ಚಚ್ಚಿಕೊಂಡರು. ಬುಕಿಂಗ್ ಪುಟದ ಖಾಲಿ ಜಾಗಗಳೆಲ್ಲ ತುಂಬುತ್ತಾ ಹೋದವು. ಇಬ್ಬರು ಹಿರಿಯರು ಕೂತು ಹರಟೆ ಹೊಡೆಯುವುದನ್ನು ಅಷ್ಟು ಗಮನ ಕೊಟ್ಟು ನಾನು ಹಿಂದೆಂದೂ ಕೇಳಿರಲಿಲ್ಲ. ಕೊನೆಗೆ ಫೋನ್ ನಂಬರ್ ಒಂದು ಉಳಿಯಿತು.

"ನಂಬರ್ ಇದ್ಯಾ? ಹಳೇ ಸ್ನೇಹಿತ, ಒಂದ್ ಮಾತು ಶುಭ ಹೇಳ್ತೀನಿ."

ಪಾರ್ವತಮ್ಮ ಮೊಬೈಲ್ ಚಾಚಿದರು. ಡ್ರಿಲ್ ಸಾರ್ ಒಂದೊಂದೇ ಅಂಕೆಯನ್ನು ಓದಿದರು, ಮುಂಬೈಯ ದನಿಯಲ್ಲಿ. ಕಂಬದ ಮರೆಯಲ್ಲಿದ್ದ ನನಗಷ್ಟೇ ಅಲ್ಲ, ಬೀದಿಯಲ್ಲಿ ಹೋಗುವವರಿಗೂ ಆ ನಂಬರ್ ಬಾಯಿಪಾಠವಾಗಿರಬೇಕು. ಗುಟ್ಟು ಕಾಯುವುದನ್ನು ಊರಿಗೆಲ್ಲ ಕಲಿಸಿದ ಮನುಷ್ಯ ಅಂದು ಅದೊಂದನ್ನು ಮರೆತರು.

ನಾನು ಸೇವ್ ಒತ್ತಿದೆ. ಪಾರ್ವತಮ್ಮ ತಿರುಗಿ ತಮ್ಮ ಪರದೆ ನೋಡಿದರು, ಕನ್ನಡಕ ಸರಿ ಮಾಡಿಕೊಂಡರು. "ನೋಡಿ, ಬಂತು. ನಾನು ಹೇಳ್ಲಿಲ್ವಾ, ತಾನಾಗೇ ಬರುತ್ತೆ ಅಂತ. ಸುಮ್ನೆ ನನ್ ಕೈಲಿ ಬರೆಸ್ತಿದ್ರಿ."

ಡ್ರಿಲ್ ಸಾರ್ ಅವರಿಗೆ ಮೊದಲ ತಟ್ಟೆಯನ್ನು ತಾವೇ ತಂದುಕೊಟ್ಟರು.

ಎಲ್ಲರ ಕೈಗೂ ತಟ್ಟೆ ಬಂದ ಮೇಲೆ ಮಾತು ಕೊಟ್ಟಂತೆ ಎದ್ದು ನಿಂತರು. "ಒಂದು ವಿಷಯ. ಇವತ್ತಿಂದು ಡ್ರಿಲ್ ಅಲ್ಲ. ಬೆಂಗಳೂರಲ್ಲಿ ನಮ್ಮದೆಲ್ಲ ನಿಜವಾಗ್ಲೂ ಹೋಗಿದೆ. ನೀವೀಗ ಎಬ್ಬಿಸಿದ್ದೇ ನಿಮ್ಮ ನಿಜವಾದ ಲೆಕ್ಕ. ನಾಳೆಯಿಂದ ಅದ್ರಲ್ಲೇ ಕೆಲ್ಸ. ಮುಂಚೆ ಹೇಳದೆ ಇದ್ದಿದ್ದಕ್ಕೆ ಬೈಯೋರು ಬೈಬಹುದು."

ಸೆಲ್ವಂ ತಟ್ಟೆಯನ್ನು ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

"ಸೂಪರ್ ಸಾರ್" ಎಂದರು ಸೆಲ್ವಂ. "ಫ್ಯಾಕ್ಟ್ರೀಲಿ ನಮ್ಮಪ್ಪಂಗೂ ನೀವು ಇದೇ ಡೈಲಾಗ್ ಹೊಡೀತಿದ್ರಂತೆ, ನಿಜವಾದ ಬೆಂಕಿ ಅಂದ್ಕೊಳ್ಳಿ ಅಂತ."

"ಅಲ್ಲ ಸೆಲ್ವಂ, ಇದು ನಿಜ."

"ಗೊತ್ತು ಸಾರ್, ಗೊತ್ತು. ಅಂದ್ಕೊಂಡ್ವಿ."

ನಾನೂ ಎದ್ದು ನಿಂತೆ. "ಸಾರ್ ಹೇಳ್ತಿರೋದು ನಿಜ. ದೇವರಾಣೆ ನಿಜ" ಎಂದೆ. ಪಾರ್ವತಮ್ಮ ಡಾಕ್ಟರ ಕಡೆ ತಿರುಗಿ, "ಇವಳಿಗೂ ಚೆನ್ನಾಗಿ ಕಲ್ಸಿದಾರೆ ನೋಡಿ" ಎಂದರು. ಡಾಕ್ಟರು ದ್ರಾಕ್ಷಿ ಈ ಸಲ ಸರಿ ಇದೆ ಎಂದರು.

ಅಡುಗೆ ಮನೆಗೆ ಬಂದು ಕೂತಾಗ ಡ್ರಿಲ್ ಸಾರ್ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ಫ್ಯಾಕ್ಟ್ರೀಲಿ ಸುಳ್ಳನ್ನ ನಂಬಿಸೋಕೆ ಸರ್ವೀಸೆಲ್ಲ ಕೂಗ್ದೆ. ಇಲ್ಲಿ ನಿಜ ಹೇಳಿದ್ರೆ ಚಪ್ಪಾಳೆ ತಟ್ತಾರಲ್ಲ ಮಾರಾಯ್ತಿ" ಎಂದರು. ನಾನೂ ನಕ್ಕೆ, ನಗುತ್ತಾ ನಗುತ್ತಾ ಅತ್ತೂಬಿಟ್ಟೆ. ಅಷ್ಟು ಸಂತೋಷ ನನಗೆ ಆ ಆಫೀಸಿನಲ್ಲಿ ಮತ್ತೆ ಯಾವತ್ತೂ ಆಗಿಲ್ಲ. ಸಂಜೆ ಎಲ್ಲರಿಗೂ ನಡೆದದ್ದನ್ನು ವಿವರವಾಗಿ ಮೆಸೇಜ್ ಮಾಡಿದೆ. ಒಬ್ಬರು ಹೆಬ್ಬೆರಳು ಕಳಿಸಿದರು, ಇನ್ನೊಬ್ಬರು ನಗುವ ಮುಖ. ಬೆಂಗಳೂರಿನಲ್ಲಿ ಹೊಸ ಸರ್ವರ್‌ಗಳು ಸಿಗುವವರೆಗೆ ನಮ್ಮ ಗ್ರಾಹಕರೆಲ್ಲ ಮುಂಬೈಯಲ್ಲೇ ಇದ್ದರು, ಆದ್ದರಿಂದ ಆ ದಿನಗಳಷ್ಟೂ ಡ್ರಿಲ್ ಸಾರ್ ಪ್ರತಿ ಫೋನಿನಲ್ಲೂ ಕೂಗಿಯೇ ಮಾತಾಡಿದರು. ಕೆಳಗಿನ ಟೈಲರ್ ಕಿವಿಗೆ ಹತ್ತಿ ಇಟ್ಟುಕೊಂಡು ಹೊಲಿದ.

ನಿವೃತ್ತಿಯ ಮಾತನ್ನು ಅವರು ಹೇಳಿದ್ದೂ ಡ್ರಿಲ್ಲಿನಲ್ಲೇ. ಮಂಡಿ ಮಾತು ಕೇಳುತ್ತಿಲ್ಲ, ಭದ್ರಾವತಿಯಿಂದ ದಿನಾ ಸ್ಕೂಟರಿನಲ್ಲಿ ಬಂದುಹೋಗುವುದು ಇನ್ನು ಆಗುವುದಿಲ್ಲ ಎಂದು ನನಗೆ ಮೊದಲೇ ಹೇಳಿದ್ದರು. ನಾನು ಹೆದರಿದ್ದೆ. ಜನ ನಮ್ಮಲ್ಲಿ ಇದ್ದದ್ದು ಅವರ ಮುಖ ನೋಡಿ, ಅವರಿಲ್ಲದಿದ್ದರೆ ಒಬ್ಬೊಬ್ಬರಾಗಿ ಹೋಗಿಬಿಡುತ್ತಾರೆ ಎಂಬುದೇ ನನ್ನ ಭಯ. "ಅದನ್ನೂ ಒಂದ್ ಸಲ ನೋಡ್ಬೇಕಲ್ಲ" ಎಂದಷ್ಟೇ ಹೇಳಿದ್ದರು. ಅವರ ಕೊನೆಯ ಡ್ರಿಲ್ಲಿನ ದಿನ ತಿಂಡಿಯಾದ ಮೇಲೆ ಎದ್ದು ನಿಂತು, "ಮುಂದಿನ ತಿಂಗಳಿಂದ ನಾನಿರಲ್ಲ. ಎಲ್ಲಾ ಇವಳೇ ನೋಡ್ಕೊಳ್ತಾಳೆ. ನನ್ ಫೋನೂ ಆಫ್" ಎಂದು, ಹಿತ್ತಾಳೆ ಸೀಟಿಯನ್ನು ನನ್ನ ಕೈಗೆ ಹಾಕಿದರು. ಹಾಲಿಡೀ ನಕ್ಕಿತು. ಇದು ಹೊಸ ಥರದ ಡ್ರಿಲ್ ಎಂದು ಎಲ್ಲರಿಗೂ ಬಹಳ ಇಷ್ಟವಾಯಿತು.

ಹೋದ ತಿಂಗಳು ನಾನೇ ಸೀಟಿ ಊದಿದೆ. ಸರಿಯಾಗಿ ಊದಲು ಬರಲಿಲ್ಲ, ತೆಳ್ಳಗೆ ಒಂದು ಸದ್ದು ಬಂತು. "ಎಲ್ಲಾ ಹೋಯ್ತು" ಎಂದೆ. ಎಲ್ಲರೂ ಕೆಲಸ ಶುರು ಮಾಡಿದರು. ಸೆಲ್ವಂ ನಡುನಡುವೆ ಅಡುಗೆ ಮನೆಯ ಬಾಗಿಲು ನೋಡುತ್ತಿದ್ದರು, ಡಾಕ್ಟರು ಒಮ್ಮೆ ಎದ್ದು ಹೋಗಿ ಹಂಡೆಗಳ ಹಿಂದೆಯೂ ಇಣುಕಿ ಬಂದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಒಬ್ಬರಾದ ಮೇಲೊಬ್ಬರಿಗೆ ಎಲ್ಲರಿಗೂ ಸಿಕ್ಕಿತು. ಕೈಗಳನ್ನು ಹಿಂದೆ ಕಟ್ಟಿಕೊಂಡು ನಾನು ಸಾಲುಗಳ ನಡುವೆ ಓಡಾಡುತ್ತಿದ್ದೆ ಎಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಪಾರ್ವತಮ್ಮ ತಮ್ಮ ಪಕ್ಕದ ಕುರ್ಚಿಯ ಮೇಲೆ ಒಂದು ತಟ್ಟೆಯನ್ನು ಮುಚ್ಚಿಟ್ಟುಕೊಂಡು ಕೂತಿದ್ದರು. "ಎಲ್ಲಾ ಸರಿಯಾಗಿ ಬಂತಲ್ಲ ಮಾರಾಯ್ತಿ, ಡ್ರಿಲ್ ಮುಗೀತಲ್ಲ" ಎಂದರು. "ಈಗ ಅವ್ರನ್ನ ವಾಪಸ್ ತಾ."

ಆ ತಟ್ಟೆಯದನ್ನು ಡಬ್ಬಿಗೆ ಹಾಕಿಕೊಂಡು ನಾನು ಭದ್ರಾವತಿಯ ಬಸ್ ಹತ್ತಿದೆ. ನ್ಯೂ ಟೌನಿನ ಮನೆಯ ಜಗಲಿಯಲ್ಲಿ ಅವರು ಲುಂಗಿ ಉಟ್ಟು ಕೂತಿದ್ದರು. ಮೀಸೆಯ ಬುಡದಲ್ಲಿ ಬಿಳಿ ಕಾಣುತ್ತಿತ್ತು. ಡಬ್ಬಿ ಕಂಡ ಕೂಡಲೇ ಒಳಗೆ ಕೂಗಿ ಚಮಚ ತರಿಸಿಕೊಂಡರು.

"ಯಾರಿಗೆ ಮೊದ್ಲು ಸಿಕ್ತು?"

"ಸೆಲ್ವಂಗೆ."

"ಪಾರ್ವತಮ್ಮ?"

"ಎರಡನೇದು. ನಿಮ್ಮ ತಟ್ಟೆ ಕಾಯ್ತಾ ಕೂತಿದ್ರು."

ಅವರು ಚಮಚ ತುಂಬಿಕೊಂಡರು. "ನಿಂಗ್ಯಾರಾದ್ರೂ ಏನಾದ್ರೂ ಕೇಳಿದ್ರಾ?"

"ಇಲ್ಲ ಸಾರ್. ಎಲ್ಲಾ ಅವರವರೇ ಮಾಡ್ಕೊಂಡ್ರು."

"ಹಂಗಾದ್ರೆ ಸರಿ." ಬಹಳ ಹೆಮ್ಮೆಯಿಂದ ಹೇಳಿದರು. ಮತ್ತೆ ಕೇಳಿದರು: "ನಾನಿನ್ನು ಬರಲ್ಲ, ಇದು ಡ್ರಿಲ್ ಅಲ್ಲ ಅಂತ ಬಿಡಿಸಿ ಹೇಳಿದ್ಯಾ?"

"ಹೇಳಿದೆ ಸಾರ್. ಯಾರೂ ನಂಬಲಿಲ್ಲ."

ಅವರು ಚಮಚ ಕೆಳಗಿಟ್ಟರು. ಅದರಲ್ಲಿ ಕೇಸರಿಬಾತ್ ಇನ್ನೂ ಇತ್ತು.